ರೊಟ್ಟಿಯ ಹೊತ್ತು, ಕಾಫಿಯ ಹೊತ್ತು

ಈ ಸಂಗತಿಯನ್ನು ನಾನು ಬೇರೆಯವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ಅದರಲ್ಲಿ ನಾನೇ ಕಂಡದ್ದು ಎಷ್ಟು, ಕೇಳಿ ಕೇಳಿ ನನ್ನದಾದದ್ದು ಎಷ್ಟು ಎಂದು ಈಗ ಬಿಡಿಸಿ ಹೇಳಲಾರೆ. ನಮ್ಮ ಸಂಸ್ಥೆಯ ಹಿರಿಯ ವೈದ್ಯೆ ಇದನ್ನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಅವರು ಹೇಳಿದಾಗಲೆಲ್ಲ ಅದರಲ್ಲಿ ಬರುವ ಹೆಂಗಸಿನ ರಕ್ತದ ಅಂಕಿ ಶುರುವಿನಲ್ಲಿ ಇನ್ನಷ್ಟು ಕಡಿಮೆಯಾಗುತ್ತಿತ್ತು, ಕೊನೆಯಲ್ಲಿ ಇನ್ನಷ್ಟು ಏರುತ್ತಿತ್ತು. ನಾನು ಹಿಂದಿನ ಸಾಲಿನಲ್ಲಿ ಕೂತು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಕೆಲವು ವರ್ಷಗಳ ನಂತರ ಯಾವುದಕ್ಕೆ ತಿದ್ದಬೇಕು ಎಂಬುದೇ ಮರೆತುಹೋಯಿತು.

ನೆನಪನ್ನು ನಂಬದಿರುವುದು ನನ್ನ ಕಸುಬೇ ಆಗಿತ್ತು. ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುವಾಗ ನಮಗೆ ಮೊದಲು ಕಲಿಸಿದ್ದು, ಎದುರಿಗೆ ಕೂತವರನ್ನು ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿಂದಿರಿ ಎಂದು ಕೇಳುವುದು. ಎರಡನೆಯದಾಗಿ ಕಲಿಸಿದ್ದು, ಅವರು ಹೇಳಿದ್ದನ್ನು ಹಾಗೇ ನಂಬಬಾರದು ಎನ್ನುವುದು. ಸುಳ್ಳು ಹೇಳುತ್ತಾರೆಂದಲ್ಲ. ನೆಂಟರು ಬಂದ ದಿನದ ಊಟವೇ ಎಲ್ಲರ ನೆನಪಿನಲ್ಲಿ ನಿನ್ನೆಯ ಊಟವಾಗಿರುತ್ತದೆ. ಆದ್ದರಿಂದ ನಾನು ಇಲ್ಲಿ ಬರೆಯುವುದನ್ನೂ ಓದುವವರು ಆ ರೀತಿಯಲ್ಲೇ ತೆಗೆದುಕೊಳ್ಳಬೇಕು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ವಸ್ತಾರೆಯಿಂದ ಒಳಗೆ ಹೋದರೆ ಸಿಗುವ ಒಂದು ಎಸ್ಟೇಟು. ನಮ್ಮ ಸಂಸ್ಥೆ ಆ ಸುತ್ತಿನ ಕೆಲವು ಎಸ್ಟೇಟುಗಳ ಲೈನುಗಳಲ್ಲಿ ಆಹಾರ ಮತ್ತು ಆರೋಗ್ಯದ ಕೆಲಸ ಮಾಡುತ್ತಿತ್ತು. ಲೈನು ಎಂದರೆ ಒಂದಕ್ಕೊಂದು ಗೋಡೆ ಹಂಚಿಕೊಂಡು ಸಾಲಾಗಿ ನಿಂತ ಕೂಲಿಯವರ ಮನೆಗಳು. ಹಿರಿಯ ವೈದ್ಯೆ ಒಂದು ಮಾತನ್ನು ಗಟ್ಟಿಯಾಗಿ ನಂಬಿದ್ದರು. ಮನುಷ್ಯನ ಆರೋಗ್ಯ ಇರುವುದು ಯಾವುದೋ ಒಂದು ಮಾತ್ರೆಯಲ್ಲಿ ಅಥವಾ ಒಂದು ಸೊಪ್ಪಿನಲ್ಲಿ ಅಲ್ಲ, ಏಳುವುದರಿಂದ ಮಲಗುವವರೆಗಿನ ಇಡೀ ದಿನದಲ್ಲಿ. ಏನು ತಿನ್ನುತ್ತಾರೆ, ಯಾವಾಗ, ಯಾರ ನಂತರ, ಕಾಲಿಗೆ ಏನು ಹಾಕುತ್ತಾರೆ, ಎಷ್ಟು ನಿದ್ದೆ ಮಾಡುತ್ತಾರೆ, ಎಲ್ಲ ಸೇರಿ ಒಂದು. ನನಗೆ ಇದು ಮಠದಲ್ಲಿ ಹೇಳುವ ಮಾತಿನಂತೆ ಕೇಳುತ್ತಿತ್ತು. ಎಲ್ಲವೂ ಸೇರಿ ಒಂದು ಎಂದರೆ ಯಾವುದನ್ನೂ ಅಳೆಯಲಾಗುವುದಿಲ್ಲ. ಅಳೆಯಲಾಗದ್ದನ್ನು ನಾನು ಕಲಿತಿರಲಿಲ್ಲ.

ಈ ಸಂಗತಿಯ ಹೆಂಗಸು ಕೆಲಸ ಮಾಡುತ್ತಿದ್ದದ್ದು ಆ ಎಸ್ಟೇಟಿನ ಕಾಫಿ ನರ್ಸರಿಯಲ್ಲಿ. ಕಾಡುಮಣ್ಣು, ಗೊಬ್ಬರ, ಮರಳು ಬೆರೆಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬುವುದು, ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ನಿಂತ ಸಸಿಗಳನ್ನು ಕಿತ್ತು ಅದರಲ್ಲಿ ನೆಡುವುದು. ಮೊದಲು ಹಣ್ಣು ಕೊಯ್ಯಲು ಹೋಗುತ್ತಿದ್ದಳಂತೆ. ಏರು ಹತ್ತುವಾಗ ಎರಡು ಗಿಡಕ್ಕೊಮ್ಮೆ ನಿಲ್ಲತೊಡಗಿದ ಮೇಲೆ ಮೇಸ್ತ್ರಿಯೇ ಕೂತು ಮಾಡುವ ಕೆಲಸಕ್ಕೆ ಹಾಕಿದ್ದ. ಮೂವತ್ತೈದರ ಆಸುಪಾಸಿನ ವಯಸ್ಸು. ಗರ್ಭಕೋಶದಲ್ಲಿ ಗಡ್ಡೆ. ತಿಂಗಳು ತಿಂಗಳು ವಿಪರೀತ ರಕ್ತ ಹೋಗುತ್ತಿತ್ತು. ಚಿಕ್ಕಮಗಳೂರಿನ ಸರ್ಜನ್ ಆಪರೇಷನ್ ಮಾಡಲು ಒಪ್ಪಿದ್ದರು, ಆದರೆ ಹಿಮೋಗ್ಲೋಬಿನ್ ಹತ್ತಕ್ಕೆ ಬರಬೇಕು ಎಂದಿದ್ದರು. ಇದ್ದದ್ದು ಆರರ ಹತ್ತಿರ. ರಕ್ತ ಕೊಡಿಸೋಣ ಎಂದರೆ ಆಕೆಯದು ನೆಗೆಟಿವ್ ಗ್ರೂಪು, ಬೇಕೆಂದಾಗ ಸಿಗುವಂಥದ್ದಲ್ಲ. ಕಬ್ಬಿಣಾಂಶದ ಇಂಜೆಕ್ಷನ್ನಿನ ಪರೀಕ್ಷಾ ಡೋಸಿಗೇ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತ್ತು. ಸ್ರಾವ ತಡೆಯಲು ಸರ್ಜನ್ ಮಾತ್ರೆ ಕೊಟ್ಟಿದ್ದರು. ಅದರಿಂದ ಮಳೆಗಾಲ ಹಿಡಿಯುವವರೆಗೆ ಹೇಗೋ ತಳ್ಳಬಹುದು, ಆಮೇಲೆ ಮತ್ತೆ ಶುರುವಾದರೆ ಈ ಸಲ ಆಕೆ ತಡೆದುಕೊಳ್ಳುವುದಿಲ್ಲ ಎಂದು ಹಿರಿಯ ವೈದ್ಯೆಗೆ ಹೇಳಿದ್ದರು. ಉಳಿದದ್ದು ಬಾಯಿ ಒಂದೇ. ಬಾಯಿಯ ಮೂಲಕ ರಕ್ತ ಏರಿಸಬೇಕು. ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನ ಹೋದಾಗ ಆಕೆ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡು ನನ್ನನ್ನು ಒಂದು ಸಲ ನೋಡಿದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಬಿಳಿ ಕಾಗದದ ಹಾಗಿತ್ತು. ಪಕ್ಕದಲ್ಲಿ ಚೀಲ ತುಂಬುತ್ತಿದ್ದವಳು ಇವರು ಯಾವ ಡಾಕ್ಟ್ರು ಎಂದು ಕೇಳಿದಳು. ಡಾಕ್ಟರಲ್ಲ, ಊಟದ ವಿಷಯ ಹೇಳಲು ಬಂದವನು ಎಂದೆ.

"ಓ, ಊಟದ ಡಾಕ್ಟ್ರು," ಎಂದು ಆಕೆಯೇ ನಡುವೆ ಬಾಯಿ ಹಾಕಿದಳು. "ಊಟಕ್ಕೂ ಒಬ್ರು ಬಂದ್ರಾ. ನಿದ್ದೆ ಡಾಕ್ಟ್ರು ಯಾವಾಗ ಬರ್ತಾರೆ ಸಾರ್?"

ಅಂದಿನಿಂದ ಆ ಎಸ್ಟೇಟಿನಲ್ಲಿ ನನ್ನ ಹೆಸರು ಅದೇ ಆಯಿತು.

ನಾನು ನನಗೆ ಗೊತ್ತಿದ್ದ ಹಾಗೆ ಶುರು ಮಾಡಿದೆ. ಕಬ್ಬಿಣಾಂಶದ ಕೆಂಪು ಮಾತ್ರೆ, ದಿನಕ್ಕೆ ಎರಡು. ಮಾತ್ರೆ ಮನೆಗೆ ಕೊಟ್ಟರೆ ಏನಾಗುತ್ತದೆಂದು ನನಗೆ ಬೇರೆ ಲೈನುಗಳಲ್ಲಿ ಅನುಭವವಾಗಿತ್ತು. ಎರಡು ದಿನ ನುಂಗುತ್ತಾರೆ, ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಹೆದರಿ ಬಿಡುತ್ತಾರೆ. ಹಾಗಾಗಿ ಬೆಳಗಿನ ಮಾತ್ರೆಯನ್ನಾದರೂ ಯಾರಾದರೂ ಎದುರಿಗೆ ನಿಂತು ನುಂಗಿಸಬೇಕು ಎಂದೆ. ಮೇಸ್ತ್ರಿ ಒಪ್ಪಿಕೊಂಡ. ದಪ್ಪ ಮೀಸೆಯ, ಮಾತಿಗೆ ಮಾತು ಜೋಡಿಸುವ ಮನುಷ್ಯ. ನಾಯಿಗೆ ಇಂಜೆಕ್ಷನ್ ಹಾಕಿಸಿದವನಿಗೆ ಇದು ಎಂತ ಮಹಾ ಎಂದ. ಅವನು ಮಾತು ತಪ್ಪಲಿಲ್ಲ. ದಿನವೂ ನುಂಗಿಸಿದ, ಬಾಯಿ ತೆರೆಸಿ ನೋಡಿದ. ಆಕೆಗೆ ವಾಂತಿ ಬಂದರೂ ಬಿಡಲಿಲ್ಲ.

ಮೂರು ವಾರ ಕಳೆದು ರಕ್ತ ನೋಡಿದೆ. ಆಗ ನಮ್ಮ ಹತ್ತಿರ ಇದ್ದದ್ದು ಕಣ್ಣಳತೆಯ ಪೆಟ್ಟಿಗೆ. ಬೆರಳಿಗೆ ಸೂಜಿ ಚುಚ್ಚಿ, ತೆಳು ಗಾಜಿನ ನಳಿಗೆಯಲ್ಲಿ ಗೆರೆಯವರೆಗೆ ರಕ್ತ ಹೀರಿ, ಆಮ್ಲ ಹಾಕಿದ ಕೊಳವೆಗೆ ಊದಬೇಕು. ಅದು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಆಮೇಲೆ ಶುದ್ಧ ನೀರನ್ನು ಹನಿ ಹನಿಯಾಗಿ ಬಿಡುತ್ತ, ಪಕ್ಕದ ಗಾಜಿನ ಬಣ್ಣಕ್ಕೆ ಸಮ ಬಂದಾಗ ನಿಲ್ಲಿಸಿ ಗೆರೆ ಓದಬೇಕು, ನೀರು ಹೆಚ್ಚಾದಷ್ಟೂ ಅಂಕಿ ಹೆಚ್ಚು. ಎಲ್ಲ ನಿಂತಿರುವುದು ಬೆಳಕಿನ ಮೇಲೆ. ಆ ಬೆಟ್ಟಗಳಲ್ಲಿ ಜನವರಿಯ ಬೆಳಗ್ಗೆ ಮಂಜು ಕಿಟಕಿಗೆ ಅಂಟಿಕೊಂಡು ಕೂತಿರುತ್ತದೆ. ಮಂಜಿನಲ್ಲಿ ಓದಿದರೆ ಒಂದು, ಬಿಸಿಲು ಬಂದ ಮೇಲೆ ಓದಿದರೆ ಇನ್ನೊಂದು. ನಾನು ಬಿಸಿಲಿಗೆ ಕಾದು ಎರಡು ಸಲ ಓದಿದೆ. ಏರಿರಲಿಲ್ಲ. ನನ್ನ ಕಣ್ಣಿನ ಮೇಲೆ ನಂಬಿಕೆ ಬಾರದೆ ಆಕೆಯನ್ನು ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಲ್ಯಾಬಿನಲ್ಲಿ ಕೊಡಿಸಿದೆ. ಅಲ್ಲೂ ಅಷ್ಟೇ.

ಹಿಂದಿರುಗುವ ಬಸ್ಸಿನಲ್ಲಿ ಆಕೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ವಸ್ತಾರೆಯಲ್ಲಿ ಇಳಿದು ಒಳದಾರಿ ನಡೆಯುವಾಗ ಮೂರು ಕಡೆ ಕೂತಳು. ಮೂರನೆಯ ಕಡೆ ಕೂತಾಗ ಕೇಳಿದಳು.

"ಸಾರ್, ನಂಗೆ ಆಗಲ್ಲ ಅಂತ ಇದ್ರೆ ಈಗ್ಲೇ ಹೇಳ್ಬಿಡಿ. ಮಗಳನ್ನ ಅಕ್ಕನ ಮನೆಗೆ ಸೇರಿಸ್ಬೇಕು. ಆಮೇಲೆ ಗಡಿಬಿಡೀಲಿ ಸೇರ್ಸೋದು ಸರಿಯಲ್ಲ."

ನಾನು ಏನೋ ಧೈರ್ಯ ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ. ಆಕೆಯ ಮಾತು ಮಾತ್ರ ನೆನಪಿದೆ, ಏಕೆಂದರೆ ಹಿರಿಯ ವೈದ್ಯೆ ಅದನ್ನು ಸಭೆಗಳಲ್ಲಿ ಹೇಳುತ್ತಿರಲಿಲ್ಲ. ಅವರಿಗೆ ನಾನು ಆ ಮಾತು ತಿಳಿಸಿರಲೇ ಇಲ್ಲ.

ಮಾತ್ರೆ ಹೊಟ್ಟೆಗೆ ಹೋಗುತ್ತಿದೆ, ರಕ್ತಕ್ಕೆ ಹೋಗುತ್ತಿಲ್ಲ. ಎಲ್ಲಿ ಸೋರುತ್ತಿದೆ ಎಂದು ನೋಡಲು ಒಂದು ದಿನ ಪೂರ್ತಿ ಆಕೆಯ ಹಿಂದೆ ಇರಲು ನಿರ್ಧರಿಸಿದೆ. ಹಿರಿಯ ವೈದ್ಯೆ ಬಹಳ ದಿನದಿಂದ ಇದನ್ನೇ ಹೇಳುತ್ತಿದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಬೆಳಕು ಹರಿಯುವ ಮುಂಚೆ ಲೈನಿಗೆ ಹೋದೆ. ಕೈಯಲ್ಲಿ ಸ್ಪ್ರಿಂಗ್ ತಕ್ಕಡಿ, ಒಂದು ಅಳತೆಯ ಲೋಟ. ಎದ್ದ ಕೂಡಲೇ ಬೆಲ್ಲದ ಕರಿಕಾಫಿ. ಅಕ್ಕಿರೊಟ್ಟಿ ತಟ್ಟಿ ಸುಡುವುದು, ಗಂಡ, ಅತ್ತೆ, ಮಗಳು ತಿನ್ನುವುದು, ಉಳಿದದ್ದನ್ನು ಆಕೆ ಬುತ್ತಿಗೆ ಕಟ್ಟುವುದು. ಕೆಲಸಕ್ಕೆ ಹೋಗುವ ಮುಂಚೆ ಆಕೆಯ ಹೊಟ್ಟೆಗೆ ಬಿದ್ದದ್ದು ಕಾಫಿ ಮಾತ್ರ.

ಎಂಟಕ್ಕೆ ಕೆಲಸ ಶುರು. ಹತ್ತಕ್ಕೆ ಕಾಫಿ ಹೊತ್ತು. ಎಸ್ಟೇಟಿನಲ್ಲಿ ಏನನ್ನಾದರೂ ಖಚಿತವಾಗಿ ಮಾಡಿಸಬೇಕೆಂದರೆ ಆ ಹೊತ್ತಿನಲ್ಲೇ ಮಾಡಿಸುತ್ತಾರೆ. ಹಾಜರಿ ತಾಳೆ ನೋಡುವುದು, ನಾಳೆಯ ಕೆಲಸ ಹೇಳುವುದು, ಯಾರಿಗಾದರೂ ಬೈಯುವುದು, ಎಲ್ಲ ಕಾಫಿ ಹೊತ್ತಿಗೇ. ಏಕೆಂದರೆ ಎಲ್ಲರೂ ಒಂದು ಕಡೆ ಕೂರುವುದು ಆಗ ಮಾತ್ರ. ದೊಡ್ಡ ಪಾತ್ರೆಯಲ್ಲಿ ಎಸ್ಟೇಟಿನ ಕರಿಕಾಫಿ ಬರುತ್ತದೆ, ಎಲ್ಲರೂ ರೊಟ್ಟಿಯ ಬುತ್ತಿ ಬಿಚ್ಚುತ್ತಾರೆ. ಮೇಸ್ತ್ರಿ ಕಿಸೆಯಿಂದ ಕೆಂಪು ಮಾತ್ರೆ ತೆಗೆದ. ಆಕೆ ರೊಟ್ಟಿಯ ಚೂರು ಬಾಯಿಗಿಟ್ಟು, ಮಾತ್ರೆ ಹಾಕಿಕೊಂಡು, ಲೋಟದ ತುಂಬ ಇದ್ದ ಕಡುಕಾಫಿಯಲ್ಲಿ ನುಂಗಿದಳು. ಮೇಸ್ತ್ರಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ, ಹೆಂಗೆ ಎನ್ನುವ ಹಾಗೆ.

ಕಾಫಿ, ಚಹಾ ಊಟದ ಜತೆ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಹಿಡಿಯುವುದು ತೀರ ಕಡಿಮೆಯಾಗುತ್ತದೆ. ಪಠ್ಯಪುಸ್ತಕದಲ್ಲಿ ಇದ್ದದ್ದೇ. ನೀರಿನಲ್ಲಿ ನುಂಗಿಸು ಎಂದು ನಾನು ಹೇಳಿದ್ದೆ ಎಂದೇ ನನ್ನ ನೆನಪು, ಹೇಳಲೇ ಇಲ್ಲ ಎಂದು ಮೇಸ್ತ್ರಿಯ ನೆನಪು. ಆ ಚಳಿಯಲ್ಲಿ ನರ್ಸರಿಯಲ್ಲಿ ತಣ್ಣೀರು ಕುಡಿಯುವವರು ಯಾರೂ ಇರಲಿಲ್ಲ ಎಂಬುದಂತೂ ನಿಜ.

ಮರುದಿನ ಚಿಕ್ಕಮಗಳೂರಿನ ಕಚೇರಿಯಲ್ಲಿ ಹಿರಿಯ ವೈದ್ಯೆಗೆ ಹೇಳಿದೆ. ನನ್ನೊಳಗೆ ಸ್ವಲ್ಪ ಉತ್ಸಾಹವೂ ಇತ್ತು. ಒಂದು ಕಾರಣ ಸಿಕ್ಕಿದೆ, ಆ ಒಂದನ್ನು ಮಾತ್ರ ಬದಲಿಸೋಣ, ಮಾತ್ರೆಯನ್ನು ಕಾಫಿಯಿಂದ ದೂರ ಸರಿಸಿ ಮೂರು ವಾರ ಬಿಟ್ಟು ರಕ್ತ ನೋಡೋಣ, ಆಗ ಕಾರಣ ಖಚಿತವಾಗುತ್ತದೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬರಿಗಾಲಲ್ಲಿ ಒದ್ದೆ ಮಣ್ಣಲ್ಲಿ ಇಡೀ ದಿನ ಕೂರುತ್ತಾಳಲ್ಲ, ಕಾಲಿನಿಂದ ಹೊಕ್ಕು ರಕ್ತ ಹೀರುವ ಕೊಕ್ಕೆಹುಳು ಇಲ್ಲವೇ ಎಂದು ಕೇಳಿದರು. ಇರಬಹುದು ಎಂದೆ. ಎಲ್ಲರದೂ ಆದ ಮೇಲೆ ಉಂಡರೆ ತಟ್ಟೆಯಲ್ಲಿ ಏನು ಉಳಿಯುತ್ತದೆ ಎಂದರು. ಅನ್ನ ಮತ್ತು ಸಾರಿನ ತಿಳಿ ಎಂದೆ. ಹುಳಿ ಹಣ್ಣು ಯಾವುದಾದರೂ ತಿನ್ನುತ್ತಾಳೆಯೇ, ಎಷ್ಟು ಹೊತ್ತು ಮಲಗುತ್ತಾಳೆ, ಹೀಗೆ ಒಂದೊಂದೇ ಕೇಳಿದರು. ಇವೆಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಎಂದಿಗೂ ಗೊತ್ತಾಗುವುದಿಲ್ಲ ಎಂದು ನಾನು ವಾದ ಮಾಡಿದೆ.

"ನಿಂಗೆ ಗೊತ್ತಾಗ್ಬೇಕೋ, ಅವಳಿಗೆ ರಕ್ತ ಆಗ್ಬೇಕೋ?" ಎಂದರು. "ಎರಡಕ್ಕೂ ಟೈಮಿಲ್ಲ ಮಾರಾಯ. ಯೋಚನೆ ಮಾಡು. ಅಲ್ಲಿಗೆ ಹೋಗೋನು ನೀನು, ನಾನಲ್ಲ."

ಆ ವಾರ ನಾನು ಯೋಚನೆಯನ್ನೇನೂ ಮಾಡಲಿಲ್ಲ. ಸುಸ್ತಾಗಿತ್ತು. ಕಚೇರಿಯಲ್ಲಿ ಕೂತು ಹಳೆಯ ಕಾಗದ ಜೋಡಿಸಿದೆ. ಒಂದನ್ನು ಬದಲಿಸಿ ಕಾದರೆ ಮಾರ್ಚ್ ಬರುತ್ತದೆ, ಅದು ಸಾಲದೆಂದು ತಿಳಿದು ಇನ್ನೊಂದನ್ನು ಬದಲಿಸಿದರೆ ಏಪ್ರಿಲ್. ಕಾಫಿ ಹೂ ಅರಳಿಸುವ ಹೂಮಳೆ ಬಂದು ಹೋಗಿ, ಮುಂಗಾರು ಬಾಗಿಲಲ್ಲಿರುತ್ತದೆ. ಲೆಕ್ಕ ಅಷ್ಟು ಸರಳವಾಗಿತ್ತು. ಆದರೂ ಆ ಲೆಕ್ಕಕ್ಕೆ ಸಹಿ ಹಾಕುವುದೆಂದರೆ, ನಾನು ಐದಾರು ವರ್ಷ ಕಲಿತದ್ದನ್ನು ಮಡಚಿ ಚೀಲಕ್ಕೆ ಹಾಕಿದ ಹಾಗೆ ಅನಿಸುತ್ತಿತ್ತು. ಸೋಮವಾರ ವಸ್ತಾರೆಯಲ್ಲಿ ಬಸ್ಸಿಳಿದಾಗ ನನ್ನ ಕೈಚೀಲದಲ್ಲಿ ಹುಳದ ಮಾತ್ರೆ, ಒಂದು ಜೊತೆ ರಬ್ಬರ್ ಚಪ್ಪಲಿ, ಮೊಳಕೆ ಕಟ್ಟಲು ಹುರುಳಿಕಾಳು, ಪೇಟೆಯಲ್ಲಿ ಕೊಂಡ ನೆಲ್ಲಿಕಾಯಿ ಇದ್ದವು. ಎಲ್ಲವನ್ನೂ ಒಟ್ಟಿಗೆ ಮಾಡುವುದೆಂದು ಯಾವ ಗಳಿಗೆಯಲ್ಲಿ ತೀರ್ಮಾನಿಸಿದೆ ಎಂದು ಕೇಳಿದರೆ, ಅಂಗಡಿಯವನು ಚಪ್ಪಲಿಯ ಅಳತೆ ಕೇಳಿದಾಗ ಇರಬೇಕು.

ಒಟ್ಟಿಗೆ ಮಾಡುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಹುಳದ ಮಾತ್ರೆ ಆಯಿತು. ಚಪ್ಪಲಿ ಒದ್ದೆ ಮಣ್ಣಿನಲ್ಲಿ ಕಚ್ಚಿಕೊಂಡು ಬಾರ್ ಕಿತ್ತುಬಂತು. ಎರಡನೆಯ ಜೊತೆಯನ್ನು ಆಕೆ ನರ್ಸರಿಯ ಶೆಡ್ಡಿನ ಕಟ್ಟೆಯ ಮೇಲೆ ಜೋಪಾನವಾಗಿಟ್ಟು ಬರಿಗಾಲಲ್ಲಿ ಕೂತಿದ್ದಳು. ಹೊಸದು, ಹಾಳಾಗುತ್ತದಲ್ಲ. ಕೊನೆಗೆ ಮೇಸ್ತ್ರಿ ಔಷಧಿ ಹೊಡೆಯುವ ಗಂಡಸರ ಹಳೇ ಗಂಬೂಟು ಹುಡುಕಿ ತಂದ. ಅದನ್ನು ಹಾಕಿಕೊಂಡು ಆಕೆ ನಡೆಯುವಾಗ ಒಳಗೆ ಕಾಲು ಬೇರೆ, ಬೂಟು ಬೇರೆ ಹೋಗುತ್ತಿತ್ತು. ಪೊಲೀಸು ಬಂದ ಎಂದು ಹೆಂಗಸರು ಓಡುವ ಹಾಗೆ ನಟಿಸುತ್ತಿದ್ದರು. ಆಕೆಯೂ ನಗುತ್ತಿದ್ದಳು, ನಕ್ಕ ಮೇಲೆ ಸ್ವಲ್ಪ ಹೊತ್ತು ಎದೆ ಹಿಡಿದು ಕೂರುತ್ತಿದ್ದಳು.

ಸೊಪ್ಪಿಗೆ ಕೊರತೆಯಿರಲಿಲ್ಲ, ತೋಟದ ಅಂಚಿನಲ್ಲೇ ಬೆಳೆಯುತ್ತಿತ್ತು. ಮೊಳಕೆ ಕಟ್ಟಿದ ಹುರುಳಿ, ಹುಚ್ಚೆಳ್ಳು ಚಟ್ನಿ, ವಾರಕ್ಕೊಮ್ಮೆ ಒಣಮೀನು. ಇವೆಲ್ಲ ಆಕೆಗೆ ಹೊಸದಲ್ಲ, ಆಕೆಯ ತಟ್ಟೆಗೆ ಬರುವಷ್ಟು ಉಳಿಯುತ್ತಿರಲಿಲ್ಲ ಅಷ್ಟೇ. ಹಾಗಾಗಿ ಆಕೆಯ ಅತ್ತೆಯ ಜತೆ ಮಾತಾಡಬೇಕಾಯಿತು. ಸೊಸೆಯ ಪಾಲನ್ನು ಮೊದಲೇ ತೆಗೆದಿಡಬೇಕು ಎಂದೆ. ಮುದುಕಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ನಾವು ಅವಳಿಗೆ ಕೊಡದೆ ತಿಂತೀವಿ ಅಂತ ಹೇಳಕ್ಕೆ ಬಂದ್ಯಾ ಎಂದಳು. ಮೂರು ದಿನ ನನ್ನ ಜತೆ ಮಾತು ಬಿಟ್ಟಿದ್ದಳು. ನಾಲ್ಕನೆಯ ದಿನ ಹೋದಾಗ ಒಲೆಯ ಪಕ್ಕ ಒಂದು ಬಟ್ಟಲು ಮುಚ್ಚಿಟ್ಟದ್ದು ಕಂಡಿತು. ಯಾರದು ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಹೇಳುವ ಮನಸ್ಸು ಮುದುಕಿಗೆ ಇರಲಿಲ್ಲ.

ಉಳಿದದ್ದು ಕಾಫಿ. ಬೆಳಗಿನ ಕೆಂಪು ಮಾತ್ರೆಯನ್ನು ಮಧ್ಯಾಹ್ನಕ್ಕೆ, ಕಬ್ಬಿಣಾಂಶ ಹಿಡಿಯಲು ನೆರವಾಗುವ ಹುಳಿ ಹೇರಳೆಕಾಯಿ ಹಿಂಡಿದ ನೀರಿನ ಜತೆಗೆ ಸರಿಸಿದ್ದಾಗಿತ್ತು. ರೊಟ್ಟಿಯ ಜತೆಯ ಕಾಫಿಯನ್ನೂ ಬಿಡಬೇಕು ಎಂದೆ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣಾಂಶವೂ ಅದರಿಂದಲೇ ಹಾಳಾಗುತ್ತದೆ ಎಂದು ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು ರೊಟ್ಟಿ ಗಂಟಲಲ್ಲಿ ಇಳಿಯುವುದು ಹೇಗೆ ಎಂದಳು. ಆದರೂ ಒಪ್ಪಿದಳು.

ಎರಡು ದಿನ ಹತ್ತು ಗಂಟೆಗೆ ಕಾಫಿ ಬೇಡವೆಂದಳು. ಆ ಲೈನಿನಲ್ಲಿ ಕಾಫಿ ಬೇಡವೆನ್ನುವುದಕ್ಕೆ ಒಂದೇ ಅರ್ಥವಿತ್ತು. ಯಾರ ಮೇಲಾದರೂ ಸಿಟ್ಟಿದ್ದರೆ ಜಗಳ ಆಡಬೇಕಾಗಿರಲಿಲ್ಲ, ಅವರಿರುವ ಕಡೆ ಕಾಫಿ ಕುಡಿಯದೆ ಕೂತರೆ ಸಾಕು. ಕಾಫಿ ಹೊಯ್ಯುತ್ತಿದ್ದದ್ದು ಗುಂಪಿನಲ್ಲೇ ಹಿರಿಯಳಾದ ಒಬ್ಬ ಅಜ್ಜಿ. ಎಷ್ಟೋ ವರ್ಷದಿಂದ ಆ ಪಾತ್ರೆಯ ಸೌಟು ಬೇರೆಯವರ ಕೈಗೆ ಹೋಗಿರಲಿಲ್ಲ. ಮೂರನೆಯ ದಿನ ಅಜ್ಜಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೇಳಿದಳಂತೆ.

"ಎಂತ ಹೆಣ್ಣೇ, ನನ್ನ ಕೈಯಿಂದ ಕುಡಿಯಂಗಿಲ್ಲ ಅಂತ ಯಾರು ಹೇಳಿದ್ದು ನಿಂಗೆ?"

ಆಕೆ ಲೋಟ ಚಾಚಿದಳು. ಅಲ್ಲಿಂದ ಮುಂದೆ ದಿನವೂ ಕುಡಿದಳು, ನನಗೆ ಹೇಳಲಿಲ್ಲ. ನಾನು ರಕ್ತ ನೋಡಿದಾಗ ಏಳರ ಮೇಲೆ ಸ್ವಲ್ಪ ಏರಿ ಅಲ್ಲೇ ನಿಂತಿತ್ತು. ಮಂಜಿರಲಿಲ್ಲ, ಮಾರ್ಚಿನ ಬಿಸಿಲು. ಬೆಳಕಿನ ಮೇಲೆ ತಪ್ಪು ಹೊರಿಸುವಂತೆಯೂ ಇರಲಿಲ್ಲ. ಕೇಳಿದಾಗ ಆಕೆ ತಲೆ ಎತ್ತದೆ ಹೇಳಿದಳು.

"ಆಪರೇಷನ್ ಆಗಿ ಬದುಕಿದ್ರೆ ಇವ್ರ ಜತೇಲೇ ಅಲ್ವಾ ಸಾರ್ ಇರ್ಬೇಕು ನಾನು."

ನಾನು ಮೇಸ್ತ್ರಿಯ ಹತ್ತಿರ ಹೋಗಿ ಎಲ್ಲರಿಗೂ ಕಾಫಿ ಹೊತ್ತನ್ನೇ ಒಂದು ಗಂಟೆ ಮುಂದೂಡಲು ಆಗುತ್ತದೆಯೇ ಎಂದು ಕೇಳಿದೆ. ಬಂಗಲೆಯ ಗಡಿಯಾರ ಹತ್ತು ಹೊಡೆದರೆ ಕಾಫಿ, ಅದನ್ನು ಬದಲಿಸಲು ತನ್ನ ಅಪ್ಪನಿಂದಲೂ ಆಗದು ಎಂದ. ಎಸ್ಟೇಟಿನ ಮಾಲೀಕರಾದ ಗೌಡರನ್ನು ಕೇಳಲು ಬಂಗಲೆಗೆ ಹೋದೆ. ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು. ಕಾಫಿ ಬೆಳೆಯುವ ತೋಟದಲ್ಲಿ ಕಾಫಿ ಕೆಟ್ಟದ್ದು ಅಂತ ಹೇಳೋಕೆ ಬಂದವರು ನೀವೇ ಮೊದಲು ಎಂದು ನಕ್ಕರು. ಹೊತ್ತು ಬದಲಿಸಿದರೆ ಕೆಲಸದ ಲೆಕ್ಕವೆಲ್ಲ ಬದಲಾಗುತ್ತದೆ, ಅದೊಂದು ಬೇಡ ಎಂದರು. ಹೊರಡುವಾಗ ತಿಂಡಿಯನ್ನೂ ಒಂದು ಲೋಟ ಕಾಫಿಯನ್ನೂ ಕೊಟ್ಟರು. ತಿಂಡಿಯ ಜತೆಗೇ ಕುಡಿದೆ.

ಇನ್ನು ಉಳಿದದ್ದು ಅಜ್ಜಿ. ಶೆಡ್ಡಿನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಗಡ್ಡೆ, ಹತ್ತರ ಲೆಕ್ಕ, ಮಳೆಗಾಲ. ಕಾಫಿಯ ವಿಷಯವನ್ನು ಅಜ್ಜಿ ನಂಬಲಿಲ್ಲ. ತನ್ನ ಅಮ್ಮ ಕೊನೆಯ ದಿನದವರೆಗೆ ರೊಟ್ಟಿಗೆ ಕಾಫಿ ಕುಡಿದೇ ಬದುಕಿದ್ದಳಂತೆ. ಆದರೆ ಆ ಹೆಂಗಸು ಸತ್ತು ಹೋಗಬಹುದು ಎಂಬುದನ್ನು ನಂಬಿದಳು. ತುಂಬ ಹೊತ್ತು ಎಲೆಯಡಿಕೆ ಜಗಿಯುತ್ತ ಕೂತಿದ್ದಳು.

ಇಲ್ಲಿಂದ ಮುಂದಿನದನ್ನು ನಾನು ಖಚಿತವಾಗಿ ಹೇಳಲಾರೆ. ಹಿರಿಯ ವೈದ್ಯೆ ತಾವೇ ಒಂದು ದಿನ ಬಂದು ಸಲಹೆ ಕೊಟ್ಟದ್ದಾಗಿ ಹೇಳುತ್ತಿದ್ದರು. ಅವರು ಬಂದದ್ದು ನಿಜ, ಆದರೆ ಅದು ಆಮೇಲೆ ಎಂದು ನನ್ನ ಲೆಕ್ಕ. ಮೇಸ್ತ್ರಿ ತಾನೇ ಆರ್ಡರ್ ಮಾಡಿದ್ದು ಎನ್ನುತ್ತಿದ್ದ. ನನಗೆ ನೆನಪಿರುವುದು ಅಜ್ಜಿ ಎಲೆಯಡಿಕೆ ಉಗಿದು ಬಂದು ಹೇಳಿದ ಮಾತು.

"ಕಾಫಿ ಬಿಡಂಗಿಲ್ಲ. ನನ್ನ ಪಾತ್ರೆ ಮುಂದೆ ಯಾರೂ ಬರೀ ಕೈಲಿ ಕೂರಂಗಿಲ್ಲ. ರೊಟ್ಟಿ ಬೇಕಾರೆ ಮುಂಚೆ ತಿಂದ್ಕಂಡ್ ಬರ್ರಿ, ಎಲ್ಲಾರೂವೆ."

ಕಾಫಿಯನ್ನು ಸರಿಸುವುದು ಹೇಗೆ ಎಂದು ನಾನು ಅಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ. ಅಜ್ಜಿ ಸರಿಸಿದ್ದು ರೊಟ್ಟಿಯನ್ನು. ಆರೋಗ್ಯಕ್ಕಾಗಿ ಅಲ್ಲ, ತನ್ನ ಪಾತ್ರೆಯ ಮರ್ಯಾದೆಗಾಗಿ. ಹಾಗೆ ತಿನ್ನಬೇಕೆಂದರೆ ಎಂಟರ ಕೆಲಸಕ್ಕೆ ಮುಂಚೆಯೇ ಎಲ್ಲರೂ ಶೆಡ್ಡಿಗೆ ಬರಬೇಕು, ಅಂದರೆ ಮನೆಯಲ್ಲಿ ಇನ್ನೂ ಬೇಗ ಏಳಬೇಕು. ಆಗಲೇ ಬೆಳಕು ಹರಿಯುವ ಮುಂಚೆ ಏಳುವವರು ಆ ಹೆಂಗಸರು. ಅದರ ಮೇಲೂ ಬೇಗ ಏಳಿ ಎಂದು ಹೇಳುವ ಬಾಯಿ ನನಗಿರಲಿಲ್ಲ.

ಒಂದು ಬೆಳಗ್ಗೆ ನಾನು ಹೋದಾಗ ಮಂಜಿನಲ್ಲಿ ಶೆಡ್ಡಿನ ಮುಂದಿನ ಕಟ್ಟೆಯ ಮೇಲೆ ಹೆಂಗಸರೆಲ್ಲ ಸಾಲಾಗಿ ಕೂತು ರೊಟ್ಟಿ ತಿನ್ನುತ್ತಿದ್ದರು. ಯಾರ ಕೈಯಲ್ಲೂ ಲೋಟ ಇರಲಿಲ್ಲ. ಆಕೆ ಗಂಬೂಟು ಹಾಕಿದ ಕಾಲನ್ನು ಇಳಿಬಿಟ್ಟು ನಡುವೆ ಕೂತಿದ್ದಳು. ಈ ಚಿತ್ರವನ್ನು ನಾನು ಬಹಳ ಸಲ ನೆನೆದಿದ್ದೇನೆ, ಆದ್ದರಿಂದಲೇ ಅನುಮಾನ. ಏಪ್ರಿಲ್ ಹತ್ತಿರವಾದಾಗ ಅಷ್ಟು ಮಂಜು ಇತ್ತೇ? ಎಲ್ಲರೂ ಇದ್ದರೇ, ಅಥವಾ ನಾಲ್ಕೈದು ಜನ ಮಾತ್ರವೇ? ಒಂದೇ ದಿನವೋ, ಬೇರೆ ಬೇರೆ ದಿನಗಳಲ್ಲಿ ಕಂಡದ್ದನ್ನು ನಾನೇ ಒಂದು ಕಡೆ ಕೂರಿಸಿದೆನೋ? ಒಬ್ಬಳಿಗಾಗಿ ಅಷ್ಟು ಜನ ನಿದ್ದೆ ಬಿಟ್ಟು ಬರುತ್ತಾರೆ ಎಂಬುದು, ನಂಬಲು ಮನಸ್ಸಾಗುವಂಥ ವಿಷಯ. ನಂಬಲು ಮನಸ್ಸಾಗುವ ವಿಷಯಗಳನ್ನೇ ಮೊದಲು ಅನುಮಾನಿಸಬೇಕು ಎಂದು ನನಗೆ ಕಲಿಸಿದ್ದರು.

ರಕ್ತ ಏರಿತು. ಎಂಟು ದಾಟಿತು, ಒಂಬತ್ತಕ್ಕೆ ಬಂತು. ಮೇ ತಿಂಗಳಲ್ಲಿ ನನ್ನ ಪೆಟ್ಟಿಗೆ ಹತ್ತು ತೋರಿಸಿತು, ಅಥವಾ ತೋರಿಸಲಿ ಎಂದು ನನ್ನ ಕಣ್ಣು ಬಯಸಿತು. ಕೊನೆಯ ಹನಿ ನೀರನ್ನು ಬಿಡುವಾಗ ಕೈ ಬೇಕೆಂದೇ ಮುಂದೆ ಹೋಯಿತೇನೋ ಎಂದು ದಾರಿಯುದ್ದಕ್ಕೂ ಅನಿಸುತ್ತಿತ್ತು. ಚಿಕ್ಕಮಗಳೂರಿನ ಲ್ಯಾಬಿನಲ್ಲಿ ಒಂಬತ್ತು ಚಿಲ್ಲರೆ ಬಂತು. ಚಿಲ್ಲರೆ ಎಷ್ಟೆಂದು ನನಗೆ ನೆನಪಿಲ್ಲ, ಹಿರಿಯ ವೈದ್ಯೆಯ ಸಭೆಗಳಲ್ಲಿ ಅದು ಹನ್ನೊಂದಾಗಿ ಬಹಳ ಕಾಲವಾಗಿದೆ. ಸರ್ಜನ್ ಕಾಗದ ನೋಡಿದರು, ಆಕೆಯನ್ನು ನೋಡಿದರು, ಕಿಟಕಿಯ ಹೊರಗೆ ಕಪ್ಪಾಗುತ್ತಿದ್ದ ಆಕಾಶವನ್ನೂ ನೋಡಿದರು. ಅಡ್ಮಿಟ್ ಆಗಿ ಎಂದರು.

ಆಪರೇಷನ್ ದಿನ ನಾನು, ಆಕೆಯ ಗಂಡ, ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಅತ್ತೆ ಮಡಿಲಲ್ಲಿ ಒಂದು ಬಟ್ಟೆಯ ಗಂಟು ಇಟ್ಟುಕೊಂಡಿದ್ದಳು, ಒಳಗೆ ಮುಚ್ಚಿದ ಬಟ್ಟಲು. ಎರಡು ದಿನ ಏನೂ ತಿನ್ನಿಸುವಂತಿಲ್ಲ ಎಂದೆ. ಗೊತ್ತು ಎಂದಳು, ಗಂಟನ್ನು ಇನ್ನೂ ಹತ್ತಿರ ಎಳೆದುಕೊಂಡಳು. ಮಧ್ಯಾಹ್ನ ಕಳೆದು ನರ್ಸ್ ಬಂದು ಆಯ್ತು, ಚೆನ್ನಾಗಿದ್ದಾರೆ ಎಂದಳು. ನನಗೆ ಸಂತೋಷಕ್ಕಿಂತ ಹೆಚ್ಚಾಗಿ ನಿದ್ದೆ ಬಂತು. ಆ ಬೆಂಚಿನ ಮೇಲೇ ಒರಗಿದೆ.

ವಾರ್ಡಿನಲ್ಲಿ ನೋಡಲು ಹೋದಾಗ ಆಕೆ ಹೇಳಿದ್ದು ಒಂದೇ ಮಾತು.

"ಇನ್ನು ರೊಟ್ಟಿಗೆ ಕಾಫಿ ಕುಡೀಬೋದಾ ಸಾರ್?"

ಇನ್ನು ಆರು ತಿಂಗಳು ಬೇಡ ಎಂದೆ. ಆಕೆ ಗೋಡೆಯ ಕಡೆ ತಿರುಗಿ ಮಲಗಿದಳು.

ವರದಿಯಲ್ಲಿ ನಾನು, ಈ ಏರಿಕೆಗೆ ಹುಳದ ಮಾತ್ರೆ ಕಾರಣವೋ, ಆಹಾರವೋ, ಸ್ರಾವ ನಿಂತದ್ದೋ, ಕಾಫಿಯ ಹೊತ್ತು ಬದಲಾದದ್ದೋ ಹೇಳಲಾಗದು ಎಂದು ಬರೆದೆ. ಹಿರಿಯ ವೈದ್ಯೆ ಆ ವಾಕ್ಯದ ಕೆಳಗೆ ಗೆರೆ ಎಳೆದು, ಇದೇ ನಾನು ಹೇಳುತ್ತಿರುವುದು ಎಂದರು. ನಾವಿಬ್ಬರೂ ಒಂದೇ ವಾಕ್ಯವನ್ನು ಒಪ್ಪಿಕೊಂಡದ್ದು ಅದೊಂದೇ ಸಲ, ಅದೂ ಬೇರೆ ಬೇರೆ ಕಾರಣಕ್ಕೆ.

ಸುಮಾರು ಎಂಟು ವರ್ಷದ ನಂತರ ಬೇರೆ ಯಾವುದೋ ಕೆಲಸದ ಮೇಲೆ ಆ ಕಡೆ ಹೋಗಬೇಕಾಯಿತು. ಮೊದಲು ಪಕ್ಕದ ಎಸ್ಟೇಟಿನಲ್ಲಿ ಒಂದು ದಿನ ಉಳಿದೆ. ಅಲ್ಲಿ ಹತ್ತು ಗಂಟೆಗೆ ರೊಟ್ಟಿ ಮತ್ತು ಕಾಫಿ ಜತೆಗೇ ನಡೆಯುತ್ತಿತ್ತು, ಆ ಬೆಟ್ಟಗಳಲ್ಲಿ ಎಲ್ಲೆಡೆಯೂ ಹಾಗೇ. ಮರುದಿನ ಬೇಕೆಂದೇ ಎಂಟಕ್ಕೆ ಮುಂಚೆ ಹಳೆಯ ಶೆಡ್ಡಿಗೆ ಹೋಗಿ ದೂರದಲ್ಲಿ ನಿಂತೆ. ಹೆಂಗಸರು ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಬಹುತೇಕ ಹೊಸ ಮುಖಗಳು. ಯಾರ ಕೈಯಲ್ಲೂ ಲೋಟ ಇರಲಿಲ್ಲ. ನರ್ಸರಿಯಾಕೆ ಮಗಳ ಮದುವೆ ಮಾಡಿ ಮೂಡಿಗೆರೆ ಕಡೆಯ ತೋಟಕ್ಕೆ ಹೋಗಿದ್ದಳು. ಅಜ್ಜಿ ತೀರಿಕೊಂಡಿದ್ದಳು. ಮೇಸ್ತ್ರಿಯೂ ಬೇರೆ. ಇಲ್ಲಿ ರೊಟ್ಟಿ ಇಷ್ಟು ಬೇಗ ಯಾಕೆ ಎಂದು ಅವನನ್ನು ಕೇಳಿದೆ. ಇಲ್ಲಿ ಮೊದಲಿಂದಲೂ ಹೀಗೇ ಎಂದ.

ಹತ್ತಕ್ಕೆ ಕಾಫಿ ಬಂತು. ಸೌಟು ಹಿಡಿದಿದ್ದ ಹೆಂಗಸು ನನಗೂ ಒಂದು ಲೋಟ ಕೊಟ್ಟಳು. ಇದ್ದರೆ ಒಂದು ರೊಟ್ಟಿಯೂ ಕೊಡಿ ಎಂದು ಕೇಳಿದೆ.

"ಕಾಫಿ ಜತೆ ರೊಟ್ಟಿ ಇಲ್ಲಿ ಯಾರೂ ತಿನ್ನಲ್ಲ ಸಾರ್," ಎಂದಳು.